ನೀರು ಹಾಕಿಕೊಟ್ಟ ಮಟ್ಟಸ ದಾರಿ

ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ, ಕನಕಪುರ ರಸ್ತೆಯ ಮಗ್ಗುಲಿಗಿರುವ ವಸಂತಪುರದಿಂದ ಬೆಳಗಿನ ಓಟಕ್ಕೆ ಹೊರಡುವವರಿಗೆ ಮೊದಲು ಎದುರಾಗುವ ತೊಡಕು ನೆಲದ್ದು. ವಸಂತವಲ್ಲಭರಾಯನ ಗುಡಿ ಇರುವುದೇ ಗುಡ್ಡದ ಮೇಲೆ. ಪಕ್ಕದ ತುರಹಳ್ಳಿ ಕಾಡು ಬಂಡೆಗಳ ಏರು. ಬಡಾವಣೆಯ ಬೀದಿಗಳು ಸಹ ಹತ್ತು ಹೆಜ್ಜೆ ಇಳಿದರೆ ಹದಿನೈದು ಹೆಜ್ಜೆ ಹತ್ತುತ್ತವೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರು ಬೆನ್ನುಮೂಳೆಯಂಥ ದಿಣ್ಣೆಯ ಮೇಲೆ ಕುಳಿತಿದೆ. ಒಂದು ಮಗ್ಗುಲಿನ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋದರೆ, ಇನ್ನೊಂದು ಮಗ್ಗುಲಿನದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಇಂಥ ನೆಲದಲ್ಲಿ ಉಸಿರು ಕಟ್ಟದೆ ಒಂದೇ ಲಯದಲ್ಲಿ ಓಡಬೇಕೆಂದರೆ ಜನ ಹುಡುಕಿಕೊಂಡು ಹೋಗುವುದು ಕೆರೆಯನ್ನು. ದೊಡ್ಡಕಲ್ಲಸಂದ್ರ, ಸುಬ್ರಹ್ಮಣ್ಯಪುರ, ಸ್ವಲ್ಪ ದೂರ ಹೋದರೆ ಸಾರಕ್ಕಿ, ಪುಟ್ಟೇನಹಳ್ಳಿ.

ಗಾಳಿ ಚೆನ್ನಾಗಿದೆ, ಹಕ್ಕಿಗಳಿವೆ, ಬಸ್ಸುಗಳಿಲ್ಲ ಎಂಬ ಕಾರಣಗಳೆಲ್ಲ ಸರಿಯೇ. ಆದರೆ ಕಾಲಿಗೆ ಮಾತ್ರ ಗೊತ್ತಾಗುವ ಇನ್ನೊಂದು ಕಾರಣವಿದೆ. ಉಬ್ಬುತಗ್ಗಿನ ಈ ಊರಿನಲ್ಲಿ ನೂರಾರು ವರ್ಷಗಳ ಹಿಂದೆಯೇ ಮಟ್ಟಸವಾಗಿ ಕಟ್ಟಿದ ದಾರಿ ಎಂದರೆ ಕೆರೆಯ ಏರಿ. ನಿಂತ ನೀರಿನ ಮೈ ಮಟ್ಟಸ, ಆದ್ದರಿಂದ ಅದನ್ನು ತಡೆದು ನಿಲ್ಲಿಸುವ ಮಣ್ಣಿನ ಗೋಡೆಯ ನೆತ್ತಿಯೂ ಮಟ್ಟಸವಾಗಿರಲೇಬೇಕು. ಎಲ್ಲೋ ಒಂದೆಡೆ ಅರ್ಧ ಅಡಿ ತಗ್ಗಾದರೂ ತುಂಬಿದ ಕೆರೆ ಅಲ್ಲಿಂದಲೇ ಉಕ್ಕಿ, ಮಣ್ಣನ್ನು ಕೊರೆದು, ಒಂದು ರಾತ್ರಿಯಲ್ಲಿ ಇಡೀ ಏರಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಹಾರೆ, ಮಂಕರಿಗಳಿಂದ ಏರಿ ಕಟ್ಟಿದವರು ಓಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ನೀರು ಹೇಳಿದ ಮಟ್ಟಕ್ಕೆ ಮಣ್ಣು ಹಾಕಿದರು, ಅಷ್ಟೆ.

ಇಂಥ ದಾರಿಗಳೇ ದೇಶದ ಗುರುತಾಗಿಬಿಟ್ಟಿರುವ ಒಂದು ನಾಡು ಯುರೋಪಿನಲ್ಲಿದೆ. ನಾವು ರೂಢಿಯಲ್ಲಿ ಹಾಲೆಂಡ್ ಎನ್ನುವ ನೆದರ್‌ಲೆಂಡ್ಸ್. ಅಲ್ಲಿಯ ನೆಲದ ಕಾಲು ಭಾಗದಷ್ಟು ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಓಟದ ಜಗತ್ತಿನಲ್ಲಿ ಆ ದೇಶದ ಹೆಸರು ದೊಡ್ಡದಾಗುವುದಕ್ಕೆ ಅದರ ಚಪ್ಪಟೆತನವೂ ಒಂದು ಕಾರಣ. 1985ರಲ್ಲಿ ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್ ರಾಟರ್‌ಡ್ಯಾಂನ ರಸ್ತೆಗಳಲ್ಲಿ ಮ್ಯಾರಥಾನ್ ವಿಶ್ವದಾಖಲೆ ಬರೆದ. ಮೂರು ವರ್ಷಗಳ ನಂತರ ಅದೇ ಊರಿನಲ್ಲಿ ಇಥಿಯೋಪಿಯಾದ ಬೆಲಾಯ್ನೆ ದಿನ್‌ಸಾಮೊ 2 ಗಂಟೆ 6 ನಿಮಿಷ 50 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆ ಹತ್ತು ವರ್ಷ ಅಲುಗಲಿಲ್ಲ. ಆಮ್‌ಸ್ಟರ್‌ಡ್ಯಾಂ ಮ್ಯಾರಥಾನಿನ ಹಾದಿ ಆಮ್‌ಸ್ಟೆಲ್ ನದಿಯ ದಂಡೆ ಹಿಡಿದು ಹಳ್ಳಿಗಾಡಿಗೆ ಹೊರಳುತ್ತದೆ. ಆ ದಂಡೆಯಲ್ಲೇ 1636ರಲ್ಲಿ ಕಟ್ಟಿದ, 1961ರಲ್ಲಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ ರೀಕರ್ ಗಾಳಿಗಿರಣಿ ಇದೆ. 1985ರಿಂದ ನಡೆಯುತ್ತಿರುವ ಹತ್ತು ಮೈಲಿಯ ಇನ್ನೊಂದು ಓಟಕ್ಕೆ ‘ಡ್ಯಾಂನಿಂದ ಡ್ಯಾಂಗೆ’ ಎಂದೇ ಹೆಸರು. ಆಮ್‌ಸ್ಟರ್‌ಡ್ಯಾಂನಿಂದ ಹೊರಟು ಜಾನ್‌ಡ್ಯಾಂ ತಲುಪಿದರೆ ಮುಗಿಯಿತು. ಆಮ್‌ಸ್ಟೆಲ್ ನದಿಗೆ ಕಟ್ಟಿದ ಅಡ್ಡಗಟ್ಟೆ ಆಮ್‌ಸ್ಟರ್‌ಡ್ಯಾಂ, ರಾಟೆ ನದಿಗೆ ಕಟ್ಟಿದ್ದು ರಾಟರ್‌ಡ್ಯಾಂ. ಊರಿನ ಹೆಸರಿನಲ್ಲಿಯೇ ಕಟ್ಟೆ ಇದೆ.

ನಮ್ಮಲ್ಲೂ ಹಾಗೆಯೇ. ದೊಡ್ಡಕಲ್ಲಸಂದ್ರ, ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಈ ಹೆಸರುಗಳ ಬಾಲದಲ್ಲಿರುವ ‘ಸಂದ್ರ’ ಮೂಲದಲ್ಲಿ ‘ಸಮುದ್ರ’. ಕಡಲು ಕಾಣದ ಬಯಲುಸೀಮೆಯ ರೈತ ತನ್ನ ಕೆರೆಯನ್ನು ಸಮುದ್ರವೆಂದು ಕರೆದ. ಕೋಣನಕುಂಟೆಯ ‘ಕುಂಟೆ’ ಎಂದರೆ ಚಿಕ್ಕ ಕೆರೆ, ಅರಕೆರೆಯಲ್ಲಂತೂ ಮುಚ್ಚುಮರೆಯಿಲ್ಲ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೇಲೆ ಮೆಟ್ರೊ ಓಡತೊಡಗಿದಾಗ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ ಎಂದು ಅಕ್ಕಪಕ್ಕದ ಎರಡು ನಿಲ್ದಾಣಗಳಿಗೆ ಎರಡು ಕೆರೆಗಳ ಹೆಸರು ಬಿತ್ತು.

ಇನ್ನು ಗಾಳಿಗಿರಣಿಗಳ ವಿಷಯ. ಹಾಲೆಂಡಿನ ಕ್ಯಾಲೆಂಡರುಗಳಲ್ಲಿ ಟುಲಿಪ್ ಹೂಗಳ ಹಿಂದೆ ಅಲಂಕಾರಕ್ಕೆ ನಿಂತಂತೆ ಕಾಣುವ ಈ ಯಂತ್ರಗಳಲ್ಲಿ ಅನೇಕವು ಹಿಟ್ಟು ಬೀಸಿದವಲ್ಲ, ನೀರು ಎತ್ತಿದವು. ಜೌಗು ನೆಲದ ನೀರನ್ನು ಬಸಿದು ಹೊಲ ಮಾಡಿದರೆ ಒಣಗಿದ ಮಣ್ಣು ಕುಗ್ಗಿ ನೆಲ ಇನ್ನಷ್ಟು ಕೆಳಗಿಳಿಯುತ್ತದೆ. ಕೆಳಗಿಳಿದಷ್ಟೂ ಒಸರು ನೀರು ಹೆಚ್ಚು, ಮತ್ತೆ ಬಸಿಯಬೇಕು. ಒಮ್ಮೆ ಕೈ ಹಾಕಿದ ಮೇಲೆ ಬಿಡುವಿಲ್ಲದ ಕೆಲಸ ಇದು. ಗಾಳಿಗಿರಣಿಯ ರೆಕ್ಕೆ ತಿರುಗಿದಾಗ ಒಳಗಿನ ಮರದ ಹಲ್ಲುಚಕ್ರಗಳು ಬುಡದ ದೊಡ್ಡ ಬಾನಿಚಕ್ರವನ್ನು ತಿರುಗಿಸುತ್ತವೆ, ಅದು ತಗ್ಗಿನ ಕಾಲುವೆಯ ನೀರನ್ನು ಮೊಗೆದು ಮೇಲಿನ ಕಾಲುವೆಗೆ ಚೆಲ್ಲುತ್ತದೆ. ಒಂದು ಚಕ್ರ ಎತ್ತಬಲ್ಲದ್ದು ಒಂದೂವರೆ ಮೀಟರಿನ ಆಸುಪಾಸು. ಅದಕ್ಕಿಂತ ಆಳವಿದ್ದರೆ ಮೂರು ನಾಲ್ಕು ಗಿರಣಿಗಳನ್ನು ಮೆಟ್ಟಿಲಿನಂತೆ ಸಾಲಾಗಿ ನಿಲ್ಲಿಸಬೇಕು. ಒಂದು ಎತ್ತಿದ್ದನ್ನು ಇನ್ನೊಂದು ಎತ್ತುತ್ತದೆ, ಕೊನೆಯದು ನದಿಗೆ ದಾಟಿಸುತ್ತದೆ. ಆಮ್‌ಸ್ಟರ್‌ಡ್ಯಾಂನ ಉತ್ತರಕ್ಕಿರುವ ಸ್ಕೆರ್ಮರ್ ಎಂಬ ಸರೋವರವನ್ನು 1635ರಲ್ಲಿ ಹೀಗೆ ಬರಿದು ಮಾಡಿ ಹೊಲವಾಗಿಸಲು 52 ಗಿರಣಿಗಳು ದುಡಿದವು. ಇವತ್ತು ಅಲ್ಲಿ ಓಡುವವನು ಕಾಲಿಡುವುದು ಸರೋವರದ ತಳದ ಮೇಲೆ. ಆ ನೆಲದ ಚಪ್ಪಟೆತನವೂ ನೀರಿನ ಕೊಡುಗೆಯೇ.

ಕಾಲುವೆಯ ಏರಿಯ ಮೇಲೆ, ಅವರ ಮಾತಿನಲ್ಲಿ ಡೈಕಿನ ಮೇಲೆ, ಓಡುವವನಿಗೆ ಒಂದು ವಿಚಿತ್ರ ಕಾಣುತ್ತದೆ. ಎಡಕ್ಕೆ ನೀರು, ಬಲಕ್ಕೆ ದನ ಮೇಯುವ ಹುಲ್ಲುಗಾವಲು. ಹುಲ್ಲುಗಾವಲು ನೀರಿಗಿಂತ ತಗ್ಗಿನಲ್ಲಿ! ನಮ್ಮ ಹಳ್ಳಿಯ ಕೆರೆ ಏರಿಯ ಮೇಲೆ ನಡೆದವರಿಗೆ ಇದು ವಿಚಿತ್ರವಲ್ಲ. ಒಂದು ಕಡೆ ಕೆರೆ, ಇನ್ನೊಂದು ಕಡೆ ಆಳದಲ್ಲಿ ಅಚ್ಚುಕಟ್ಟಿನ ಗದ್ದೆ. ವ್ಯತ್ಯಾಸ ಇಷ್ಟೆ: ನೀರು ಹೆಚ್ಚಾದ ಅವರು ಅದನ್ನು ಆಚೆ ಹಾಕಲು ಏರಿ ಕಟ್ಟಿದರು, ನೀರು ಸಾಲದ ನಾವು ಅದನ್ನು ಈಚೆ ಉಳಿಸಿಕೊಳ್ಳಲು ಕಟ್ಟಿದೆವು. ಅವರಿಗೆ ಗಾಳಿ ಬೇಕಾಯಿತು. ನಮಗೆ ಇಳಿಜಾರೇ ಸಾಕಾಯಿತು.

ರಾಟರ್‌ಡ್ಯಾಂಗೆ ಹತ್ತಿರದ ಕಿಂಡರ್‌ಡೈಕ್ ಎಂಬಲ್ಲಿ 19 ಗಾಳಿಗಿರಣಿಗಳು ಕಾಲುವೆಗಳ ದಡದಲ್ಲಿ ಸಾಲುಗಟ್ಟಿವೆ. ಹೆಚ್ಚಿನವು 1738 ಮತ್ತು 1740ರವು. ಯುನೆಸ್ಕೊ 1997ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದಿತು. ಊರಿನ ಹೆಸರಿನ ಅರ್ಥ ‘ಮಗುವಿನ ಏರಿ’. 1421ರ ಮಹಾಪ್ರವಾಹದಲ್ಲಿ ಒಂದು ತೊಟ್ಟಿಲು ತೇಲಿಬಂದು ಏರಿಗೆ ತಾಗಿತಂತೆ, ಒಳಗಿದ್ದ ಬೆಕ್ಕು ಅತ್ತಿಂದಿತ್ತ ಜಿಗಿದು ತೊಟ್ಟಿಲು ಮಗುಚದಂತೆ ಕಾಪಾಡಿತಂತೆ, ಮಗು ಉಳಿಯಿತಂತೆ. ನಮ್ಮ ಜನಪದರ ‘ಕೆರೆಗೆ ಹಾರ’ದಲ್ಲಿ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನೇ ಬಲಿ ಕೊಡುತ್ತಾರೆ. ನೀರು ಹೆಚ್ಚಾದ ನಾಡು ಮಗು ಉಳಿದ ಕಥೆ ಕಟ್ಟಿತು, ನೀರು ಬಾರದ ನಾಡು ಹೆಣ್ಣನ್ನು ಕಳೆದುಕೊಂಡ ಕಥೆ ಕಟ್ಟಿತು. ಏರಿ ಎಂಬುದು ಎರಡೂ ಕಡೆ ಜೀವದ ಪ್ರಶ್ನೆಯಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಿರಣಿಯವನೂ ನೀರುಗಂಟಿಯೂ

ಉಗಿಯಂತ್ರ, ಆಮೇಲೆ ಡೀಸೆಲ್, ವಿದ್ಯುತ್ ಬಂದ ಮೇಲೆ ಗಾಳಿಗಿರಣಿಗಳ ಕೆಲಸ ಹೋಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹತ್ತು ಸಾವಿರದಷ್ಟಿದ್ದವು ಈಗ ಸುಮಾರು 1,200 ಉಳಿದಿವೆ. ಉಳಿದವನ್ನಾದರೂ ಉಳಿಸಬೇಕೆಂದು 1923ರಲ್ಲೇ ಒಂದು ಸಂಘ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಇಂಧನ ಸಿಗದಾದಾಗ ಕಿಂಡರ್‌ಡೈಕಿನ ಹಳೆಯ ಗಿರಣಿಗಳೇ ಮತ್ತೆ ತಿರುಗಿ ನೀರೆತ್ತಿದವು. ಆದರೆ ಕಟ್ಟಡ ಉಳಿದರೆ ಸಾಲದು ಎಂಬುದು ಅವರಿಗೆ ಬೇಗ ತಿಳಿಯಿತು. ತಿರುಗದೆ ನಿಂತ ಗಿರಣಿ ಕೆಡುತ್ತದೆ, ಮರಕ್ಕೆ ಹುಳು ಹತ್ತುತ್ತದೆ, ಅಚ್ಚು ಬಿಗಿಯುತ್ತದೆ. ತಿರುಗಿಸಲು ಗೊತ್ತಿರುವವರು ಬೇಕು. ಯಾವ ಗಾಳಿಗೆ ರೆಕ್ಕೆಯ ಮೇಲೆ ಎಷ್ಟು ಹಾಯಿಬಟ್ಟೆ ಬಿಚ್ಚಬೇಕು, ಬಿರುಗಾಳಿ ಬರುವ ಮುನ್ನ ಟೊಪ್ಪಿಗೆಯನ್ನು ಎತ್ತ ತಿರುಗಿಸಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. 1972ರಲ್ಲಿ ಸ್ವಯಂಸೇವಕ ಗಿರಣಿಗಾರರ ಸಂಘವೊಂದು ಸ್ಥಾಪನೆಯಾಯಿತು. ಮೇಷ್ಟ್ರು, ಗುಮಾಸ್ತರು, ನಿವೃತ್ತರು ತರಬೇತಿ ಪಡೆದು ಪರೀಕ್ಷೆ ಕಟ್ಟಿ ಬಿಡುವಿನ ದಿನಗಳಲ್ಲಿ ಗಿರಣಿ ನಡೆಸುತ್ತಾರೆ. 2017ರಲ್ಲಿ ಯುನೆಸ್ಕೊ ಗಿರಣಿ ನಡೆಸುವ ಆ ಕಸುಬನ್ನೇ ಮಾನವಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ನಿಂತಾಗ ರೆಕ್ಕೆಗಳನ್ನು ಯಾವ ಕೋನದಲ್ಲಿ ನಿಲ್ಲಿಸುತ್ತಾರೆ ಎಂಬುದರಲ್ಲೂ ಒಂದು ಭಾಷೆಯಿದೆ: ನೆಟ್ಟಗಾಗುವುದಕ್ಕೆ ತುಸು ಮೊದಲೇ ನಿಂತರೆ ಸಂತಸ, ದಾಟಿ ನಿಂತರೆ ಸೂತಕ. 2014ರಲ್ಲಿ ಉಕ್ರೇನಿನ ಮೇಲೆ ಹೊಡೆದುರುಳಿಸಿದ ವಿಮಾನದಲ್ಲಿ ಸತ್ತ ಡಚ್ಚರಿಗಾಗಿ ಗಿರಣಿಗಳು ಸೂತಕದ ಭಂಗಿಯಲ್ಲಿ ನಿಂತವು.

ಕಾಲುವೆ, ಏರಿಗಳ ಉಸ್ತುವಾರಿಗೆ ಹದಿಮೂರನೆಯ ಶತಮಾನದಿಂದಲೂ ನೀರು ಮಂಡಳಿಗಳಿವೆ. ಈಗ 21. ಇವಕ್ಕೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ತಮ್ಮದೇ ತೆರಿಗೆ. ಏರಿಯ ಮೇಲೆ ಓಡುವವನು ಆ ತೆರಿಗೆಯನ್ನೂ ಕಟ್ಟುತ್ತಾನೆ, ಮತವನ್ನೂ ಹಾಕುತ್ತಾನೆ.

ನಮ್ಮಲ್ಲಿ ಈ ವ್ಯವಸ್ಥೆ ಇರಲಿಲ್ಲವೇ? ಇತ್ತು. ಕೆರೆ ಕಟ್ಟಿಸಿದವರಿಗೂ ಕಾಪಾಡಿದವರಿಗೂ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟದ್ದನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ದಕ್ಷಿಣ ಬೆಂಗಳೂರಿನ ಅಗರದಲ್ಲಿ ಸಿಕ್ಕಿರುವ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನ ಕೆರೆಗಳಿಗೆ ತೂಬು ಇಡಿಸಿದ ಸುದ್ದಿ ಹೇಳುತ್ತದೆ. ಹತ್ತಿರದ ಬೇಗೂರಿನ ಪ್ರಸಿದ್ಧ ಶಾಸನದಲ್ಲಿ ಬೆಂಗಳೂರೆಂಬ ಹೆಸರು ಕಾಣಿಸಿದ್ದು ಹೆಚ್ಚುಕಡಿಮೆ ಆ ಕಾಲದಲ್ಲೇ. ಅಂದರೆ ಊರಿನ ಹೆಸರಿನಷ್ಟೇ ಹಳೆಯದು ತೂಬಿನ ವಿದ್ಯೆ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಸಂಸ್ಥಾನದ ಕೆರೆಗಳನ್ನು ನೋಡಿ, ಇಷ್ಟು ದೊಡ್ಡ ಪ್ರದೇಶದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದಲ್ಲಿ ಬರೆದ. ಕರ್ನಾಟಕದಲ್ಲಿ ಇಂದಿಗೂ ಲೆಕ್ಕಕ್ಕೆ ಸಿಗುವ ಕೆರೆಗಳು 36 ಸಾವಿರಕ್ಕೂ ಹೆಚ್ಚು.

ಕೆರೆ ಎಂದರೆ ತಗ್ಗಿನಲ್ಲಿ ನಿಂತ ನೀರು ಎಂದಷ್ಟೇ ತಿಳಿಯುವುದು ಸರಿಯಲ್ಲ. ಇಳಿಜಾರಿನ ಅಡ್ಡಕ್ಕೆ ಬಿಲ್ಲಿನಂತೆ ಬಾಗಿದ ಏರಿ ಒಂದು ಕಡೆ ಮಾತ್ರ, ಉಳಿದ ಕಡೆಗಳಲ್ಲಿ ನೆಲವೇ ಮೆಲ್ಲಗೆ ಏರುತ್ತ ಹೋಗುತ್ತದೆ, ಮಳೆನೀರು ಅಲ್ಲಿಂದ ಹಾಸಿಕೊಂಡು ಒಳಗೆ ಬರುತ್ತದೆ. ಏರಿಯ ಒಳಮೈಗೆ ಕಲ್ಲುಗಳ ಹೊದಿಕೆ. ಏರಿಯಡಿಯಲ್ಲಿ ಕಲ್ಲಿನ ತೂಬು. ಅದರ ಕಂಬಗಳ ನಡುವೆ ಇಳಿಬಿಟ್ಟ ಮರದ ಕೋಲನ್ನು ಎತ್ತಿದರೆ ಅಚ್ಚುಕಟ್ಟಿಗೆ ನೀರು, ಇಳಿಸಿದರೆ ಬಂದ್. ಏರಿಯ ಒಂದು ತುದಿಯಲ್ಲಿ ಅದಕ್ಕಿಂತ ತಗ್ಗಾದ ಕಲ್ಲುಕಟ್ಟಡದ ಕೋಡಿ. ಕೆರೆ ತುಂಬಿ ಹೆಚ್ಚಾದದ್ದು ಅಲ್ಲಿಂದ ಹರಿದು ಕಾಲುವೆ ಸೇರಿ ಕೆಳಗಿನ ಕೆರೆಗೆ. ಡಚ್ಚರ ಗಿರಣಿಗಳ ಮೆಟ್ಟಿಲಿನಲ್ಲಿ ನೀರು ಹತ್ತುತ್ತ ಹೋದರೆ ನಮ್ಮ ಕೆರೆಗಳ ಮೆಟ್ಟಿಲಿನಲ್ಲಿ ನೀರು ಇಳಿಯುತ್ತ ಹೋಗುತ್ತದೆ. ಗಾಳಿಯಿಂದ ನೀರೆತ್ತುವ ಯಂತ್ರವನ್ನು ನಮ್ಮವರು ಯೋಚಿಸಲೇ ಇಲ್ಲವೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲಿ ಅಂಥದೊಂದನ್ನು ರೂಪಿಸಿತ್ತು. ಅದು ಬಾವಿಗೆ ಬೇಕಾದ ಯಂತ್ರ. ಕೆರೆಗೆ ಬೇಕಾಗಿದ್ದದ್ದು ಮನುಷ್ಯ.

ಆ ಮನುಷ್ಯ ನೀರುಗಂಟಿ. ತೂಬನ್ನು ಯಾವಾಗ ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಬರದ ವರ್ಷ ಯಾವ ಭಾಗಕ್ಕೆ ನೀರಿಲ್ಲವೆನ್ನಬೇಕು, ಮಳೆಯ ರಾತ್ರಿ ಏರಿಯ ಮೇಲೆ ಇಲಿಬಿಲವಿದೆಯೇ ಬಿರುಕಿದೆಯೇ ಎಂದು ಲಾಂದ್ರ ಹಿಡಿದು ನೋಡುವುದು, ಎಲ್ಲ ಅವನ ಹೊಣೆ. ಬಹುಪಾಲು ಕಡೆ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಕೆಲಸ ಇದು. ಕೂಲಿ ಕಣದಲ್ಲಿ ಅಳೆದುಕೊಟ್ಟ ಧಾನ್ಯ. ನೀರಿನ ಲೆಕ್ಕವೆಲ್ಲ ಅವನ ಕೈಯಲ್ಲಿ, ಗದ್ದೆ ಮಾತ್ರ ಬೇರೆಯವರದು. ಈ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಾಗಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಕಟ್ಟನ್ನು ಬಿಚ್ಚಿದ್ದು ನ್ಯಾಯವೇ. ಆದರೆ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಬೇರೆ ರೀತಿಯಲ್ಲಿ ಗೊತ್ತುಮಾಡದೆ ಹೋದದ್ದರಿಂದ ಹುದ್ದೆಯ ಜೊತೆ ವಿದ್ಯೆಯೂ ಹೋಯಿತು. ಡಚ್ ಗಿರಣಿಗಾರನ ಕಸುಬಿಗೆ ಪರೀಕ್ಷೆ, ಪ್ರಮಾಣಪತ್ರ, ವಿಶ್ವಮಾನ್ಯತೆ. ನೀರುಗಂಟಿಯ ವಿದ್ಯೆಯನ್ನು ಹಾಗೆ ಕಲಿಸಿ ಮುಂದುವರಿಸುವ ಏರ್ಪಾಡು ನಮ್ಮಲ್ಲಿ ಬೆಳೆಯಲೇ ಇಲ್ಲ.

ಕೆರೆಯಂಗಳದ ಓಟ

ನಗರದೊಳಗೆ ಕೆರೆಯ ಕೆಲಸ ಇನ್ನೂ ಮೊದಲೇ ಮುಗಿದಿತ್ತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಲ್ಲಿಗೆ ನೀರು ಬಂದಂತೆ ಕೆರೆ ಬರೇ ಖಾಲಿ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗೆಂದು ಮೂಲೆಯಲ್ಲಿ ಒಂದು ಕೊಳದಷ್ಟು ಉಳಿದಿದೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು, ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು. ಬೆಂಗಳೂರಿನ ಓಟಗಾರ ಕೆರೆಯ ಏರಿಯ ಮೇಲೆ ಓಡುವುದಕ್ಕೆ ಮೊದಲೇ ಕೆರೆಯ ಅಂಗಳದಲ್ಲಿ ಓಡಿದ್ದ! 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಕಂಠೀರವದಲ್ಲೇ. 2008ರಲ್ಲಿ ಶುರುವಾದ ವಿಶ್ವ ಹತ್ತು ಕಿಲೋಮೀಟರ್ ಓಟದ ನಂತರ ಸಾವಿರಾರು ಜನಕ್ಕೆ ಬೆಳಗಿನ ಓಟದ ಗೀಳು ಹತ್ತಿತು.

ಸರೋವರದ ತಳದಲ್ಲಿ ನಿಲ್ದಾಣ ಕಟ್ಟುವುದು ಡಚ್ಚರಿಗೂ ಹೊಸದಲ್ಲ. ಅವರ ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು 1852ರಲ್ಲಿ ಬರಿದಾದ ಹಾರ್ಲೆಮ್ಮರ್ ಸರೋವರದ ತಳದಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ. ಆದರೆ ಇಲ್ಲಿಗೆ ನೀರು ಮತ್ತೆ ಬಂದೇ ಬರುತ್ತದೆ ಎಂಬುದನ್ನು ಅವರು ಒಂದು ದಿನವೂ ಮರೆತಿಲ್ಲ. ಪಂಪುಗಳು ನಡೆಯುತ್ತಲೇ ಇವೆ. ನಾವು ಮರೆತೆವು. 2022ರ ಸೆಪ್ಟೆಂಬರಿನಲ್ಲಿ ಕೆರೆಗಳು ಕೋಡಿ ಬಿದ್ದು, ಕಾಲುವೆಯ ದಾರಿ ಸಿಗದೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನುಗ್ಗಿ ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಅದೇ ಊರಿನ ಕೊಳವೆಬಾವಿಗಳು ಬತ್ತಿದವು.

ಉಳಿದ ಕೆರೆಗಳಿಗೆ ಈಗ ಜೀರ್ಣೋದ್ಧಾರದ ಕಾಲ. ಇದರಲ್ಲಿ ಸಂತೋಷಪಡಬೇಕಾದ್ದು ಬಹಳ ಇದೆ. 2010ರಲ್ಲಿ ಜೆ.ಪಿ. ನಗರದ ಪುಟ್ಟೇನಹಳ್ಳಿಯ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು ತಮ್ಮ ಸಣ್ಣ ಕೆರೆಯನ್ನು ಉಳಿಸಿಕೊಂಡರು. 2015ರ ಏಪ್ರಿಲ್‌ನಲ್ಲಿ ಎಂಬತ್ತು ಎಕರೆಗೂ ಮೀರಿದ ಸಾರಕ್ಕಿ ಕೆರೆಯ ಒತ್ತುವರಿಗಳನ್ನು ಜಿಲ್ಲಾಡಳಿತ ತೆರವು ಮಾಡಿಸಿತು. ಬೆಳಿಗ್ಗೆ ನೂರಾರು ಜನ ಸುತ್ತುವ ಕೆರೆಗೆ ರಾತ್ರಿ ಲಾರಿಯಲ್ಲಿ ಕಸ ತಂದು ಸುರಿಯಲು ಯಾರಿಗೂ ಸುಲಭವಾಗಿ ಧೈರ್ಯ ಬಾರದು. ನಡೆಯುವವರು ಕೆರೆಯ ಕಾವಲುಗಾರರೂ ಹೌದು.

ತೊಡಕು ಇರುವುದು ಸುತ್ತುವುದರಲ್ಲಿ. ಹಳೆಯ ಏರಿ ಒಂದೇ ಮಗ್ಗುಲಿನದು, ಆ ತುದಿಯವರೆಗೆ ಹೋದರೆ ಬಂದ ದಾರಿಯಲ್ಲೇ ಮರಳಬೇಕು. ಓಟಗಾರನಿಗೆ, ಅವನಿಗಿಂತ ಹೆಚ್ಚಾಗಿ ಗುತ್ತಿಗೆದಾರನ ನಕ್ಷೆಗೆ, ಸುತ್ತು ಬೇಕು. ಆದ್ದರಿಂದ ಹಲವು ಕೆರೆಗಳಲ್ಲಿ ನೆಲ ಮೆಲ್ಲಗೆ ಏರುತ್ತಿದ್ದ ಮೂರು ಮಗ್ಗುಲಿಗೂ ಹೊಸದಾಗಿ ಮಣ್ಣು ಪೇರಿಸಿ, ಉಂಗುರದಂಥ ಏರಿ ಮಾಡಿ, ಮೇಲೆ ಇಟ್ಟಿಗೆ ಹಾಸಿ ದಾರಿ ಮಾಡಿದರು. ಹೂಳೆತ್ತಿದ ಮಣ್ಣನ್ನು ಹಾಕಲು ಅದೊಂದು ಅನುಕೂಲದ ಜಾಗವೂ ಆಯಿತು. ಫಲವೇನು? ಹಾಸಿಕೊಂಡು ಬರುತ್ತಿದ್ದ ಮಳೆನೀರಿಗೆ ಗೋಡೆ ಅಡ್ಡ ಬಂತು. ಕೊಕ್ಕರೆ, ಗದ್ದೆಗೊರವಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಯುತ್ತಿದ್ದ ಅಂಚು ಇಲ್ಲವಾಗಿ ದಡದಿಂದಲೇ ಆಳ ಶುರುವಾಯಿತು. ಕೆರೆ ಬಟ್ಟಲಾಯಿತು. ಪರಿಸರ ತಜ್ಞರು ವರ್ಷಗಳಿಂದ ಹೇಳುತ್ತಿರುವ ಆಕ್ಷೇಪ ಇದೇ. ನೀರಿಗಾಗಿ ಮಾಡಿದ ಏರಿಯ ಮೇಲೆ ದಾರಿ ತಾನಾಗಿ ಬಂದಿತ್ತು, ಈಗ ದಾರಿಗಾಗಿ ಏರಿ ಮಾಡುತ್ತಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಅರ್ಧ ಸುತ್ತು ಓಡಿ ಹಿಂತಿರುಗುವುದರಿಂದ ಯಾರ ಆರೋಗ್ಯಕ್ಕೂ ಕೊರತೆಯಾಗದು. ಡಚ್ ಡೈಕಿನ ಮೇಲೂ ಸೇತುವೆ ಸಿಗದಿದ್ದರೆ ಹೋದ ದಾರಿಯಲ್ಲೇ ಬರಬೇಕು.

ನಿಮ್ಮ ಹತ್ತಿರದ ಕೆರೆಯಲ್ಲಿ ಹಳೆಯ ಏರಿ ಯಾವುದೆಂದು ಗುರುತಿಸುವುದು ಕಷ್ಟವಲ್ಲ. ದಾರಿಯ ಹೊರಮಗ್ಗುಲು ನೋಡಿ. ಎಲ್ಲಿ ಮನೆಗಳ ನೆಲ ಕೆರೆಯ ನೀರಿಗಿಂತ ಆಳದಲ್ಲಿ ಕಾಣುತ್ತದೋ ಅದು ನಿಜವಾದ ಏರಿ. ಆ ಮನೆಗಳಿರುವುದು ಹಳೆಯ ಅಚ್ಚುಕಟ್ಟಿನಲ್ಲಿ. ಒಳಮೈಯಲ್ಲಿ ಕಾಡುಕಲ್ಲಿನ ಹೊದಿಕೆ ಇದ್ದರೆ ಅನುಮಾನವೇ ಬೇಡ. ಏರಿಯ ನಡುವೆ ಎಲ್ಲೋ ನೀರಿನಂಚಿನಲ್ಲಿ ಅಡ್ಡಪಟ್ಟಿ ಹೊತ್ತ ಎರಡು ಕಲ್ಲುಕಂಬಗಳು ಹೂಳಿನಿಂದ ತಲೆ ಎತ್ತಿ ನಿಂತಿದ್ದರೆ ಅದು ತೂಬು. ಬೇಲಿ ಹಾಕುವವರು, ಬಣ್ಣ ಬಳಿಯುವವರು ಅದನ್ನು ಕಿತ್ತು ಹಾಕಿರದಿದ್ದರೆ ನಿಮ್ಮ ಅದೃಷ್ಟ. ದಾರಿ ತುಸು ಇಳಿದು, ಕಲ್ಲು ಅಥವಾ ಕಾಂಕ್ರೀಟಿನ ಹಾಸಿನ ಮೇಲೆ ಸೇತುವೆಯಂತೆ ಹಾಯುವ ತುದಿಯಲ್ಲಿ ಕೋಡಿ. ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ಅಲ್ಲಿ ಎರಡು ನಿಮಿಷ ನಿಂತು ಕೆಳಗೆ ಬಗ್ಗಿ ನೋಡಿದರೆ, ನೀರು ಮುಂದಿನ ಕೆರೆಯ ಕಡೆಗೆ ಹೊರಟಿದೆಯೋ, ಯಾರದೋ ಕಾಂಪೌಂಡಿಗೆ ಮುಖ ಮಾಡಿದೆಯೋ ತಿಳಿಯುತ್ತದೆ.